ಖಾಲಿ ಕೈಯವನ ಊಟದ ಸುದ್ದಿ

"ಬುದ್ಧಿ, ಮುಖವನ್ನೇ ನೋಡದವನು ಸತ್ತರೆ ಅಳು ಬರುವುದುಂಟೇ?" ಎಂದು ಶಿಷ್ಯ ಗುರುಶಾಂತ ಕೇಳಿದ.

"ಯಾರು ಅತ್ತರಪ್ಪ?" ಎಂದರು ಮಠದ ಗುರುಗಳು.

"ಬೆಳಿಗ್ಗೆ ಒಬ್ಬ ಬಂದಿದ್ದ ಬುದ್ಧಿ. ಫೋನಿನಲ್ಲಿ ಪರಿಚಯವಾದ ಗೆಳೆಯ ತೀರಿಕೊಂಡನಂತೆ. ಒಂದು ದಿನವೂ ಎದುರುಬದುರು ಕೂತವರಲ್ಲವಂತೆ. ಅವನ ಹೆಸರಿನಲ್ಲಿ ಇಲ್ಲಿ ಒಂದು ಹೊತ್ತಿನ ದಾಸೋಹ ಮಾಡಿಸಬೇಕು ಅಂತ ಕಣ್ಣೀರು ಹಾಕಿದ. ನನಗೆ ನಗು ಬಂತು. ಸಂಬಂಧ ಅಂದರೆ ಒಂದೇ ಸೂರು, ಒಂದೇ ಪಂಕ್ತಿ. ಮಿಕ್ಕಿದ್ದೆಲ್ಲ ಬರೀ ನಾಟಕ ಅಲ್ಲವೇ?"

"ಅವನ ಎದುರಿಗೇ ನಕ್ಕೆಯಾ?"

"ಇಲ್ಲ ಬುದ್ಧಿ, ಒಳಗೊಳಗೇ."

"ಅಷ್ಟಾದರೂ ಮರ್ಯಾದೆ ಉಳಿಸಿದೆಯಲ್ಲ, ಪುಣ್ಯಾತ್ಮ! ಕೂತ್ಕೋ. ಒಂದು ಕತೆ ಹೇಳುತ್ತೇನೆ. ಇಸ್ಪೀಟಿನ ಕತೆ. ಹಾಗೆ ಕಣ್ಣು ಬಿಡಬೇಡ. ಆಡು ಅನ್ನುತ್ತಿಲ್ಲ, ಕೇಳು ಅನ್ನುತ್ತಿದ್ದೇನೆ."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಗಂಡ ಇಲ್ಲ, ಒಬ್ಬನೇ ಮಗ. ಹುಟ್ಟುವಾಗಲೇ ಅವನ ಹೃದಯದಲ್ಲಿ ತೂತಿತ್ತು. ಓಡಬೇಡ, ಭಾರ ಎತ್ತಬೇಡ, ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಇಷ್ಟೆಲ್ಲ ಬೇಡಗಳ ನಡುವೆಯೂ ಹುಡುಗ ಇಪ್ಪತ್ಮೂರು ವರ್ಷದವನಾದ. ತಾಯಿ ಹೊಲಿದ ಬ್ಲೌಸುಗಳಿಗೆ ಹುಕ್ಸು ಹಾಕಿ ಕೊಡುತ್ತಿದ್ದ. ಮಾತು ಕಡಿಮೆ. ಊಟ ಹೇಗಿದೆಯೋ ಎಂದು ತಾಯಿ ಕೇಳಿದರೆ 'ಹೂಂ' ಎನ್ನುತ್ತಿದ್ದ. ಚೆನ್ನಾಗಿದೆ ಎನ್ನುವ ಹೂಂ ಯಾವುದು, ಚೆನ್ನಾಗಿಲ್ಲ ಎನ್ನುವ ಹೂಂ ಯಾವುದು, ಹೆತ್ತವಳಿಗೂ ತಿಳಿಯುತ್ತಿರಲಿಲ್ಲ.

ಸೋಮವಾರ ಸಂಜೆ ಆರು ಗಂಟೆಯಾದರೆ ಅವನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ನಮ್ಮ ಮಠಕ್ಕೆ ಜನ ಬರುವ ಹೊತ್ತಿಗೇ ಅಲ್ಲಿ ಇಸ್ಪೀಟಿನ ಮೇಜು ತುಂಬುತ್ತಿತ್ತು ಅನ್ನು. ಪೋಕರ್ ಅಂತ ಆ ಆಟದ ಹೆಸರು. ಮೇಜು ಅಂದರೆ ಮರದ ಮೇಜಲ್ಲ, ಪರದೆಯ ಮೇಲಿನ ಚಿತ್ರ. ಆಡುವವರು ಊರೂರಿನಲ್ಲಿ ತಂತಮ್ಮ ಮನೆಯಲ್ಲೇ ಇರುತ್ತಾರೆ. ಹಣ ಕಟ್ಟುವ ಆಟವಲ್ಲ, ಪುಕ್ಕಟೆ ಬಿಲ್ಲೆಗಳ ಆಟ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ ಬರುತ್ತವೆ. ಎಲೆ ಚೆನ್ನಾಗಿದೆ ಎನ್ನುವವನು ಬಿಲ್ಲೆ ಮುಂದಕ್ಕೆ ತಳ್ಳುತ್ತಾನೆ, ಹೆದರಿದವನು ಎಲೆ ಕೆಳಗಿಡುತ್ತಾನೆ. ಮಜಾ ಇರುವುದು ಎಲ್ಲಿ ಅಂದರೆ, ಒಳ್ಳೆಯ ಎಲೆ ಬಾರದೆ ಕೈ ಖಾಲಿ ಇದ್ದವನೂ ಧೈರ್ಯವಾಗಿ ಬಿಲ್ಲೆ ತಳ್ಳಿ ಮಿಕ್ಕವರನ್ನು ಹೆದರಿಸಿ ಗೆಲ್ಲಬಹುದು. ಸುಳ್ಳೇ ಅಲ್ಲಿ ವಿದ್ಯೆ. ನಿನಗೆ ಆಗುವುದಿಲ್ಲ ಬಿಡು, ನಿನ್ನ ಮುಖದಲ್ಲಿ ಎಲ್ಲ ಕಾಣುತ್ತದೆ.

ಆ ಮೇಜಿನಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಬೇಕರಿಯವ, ರಿಟೈರ್ ಆದ ಒಬ್ಬ ಲೆಕ್ಕದ ಮೇಡಂ, ಮತ್ತೆ ಈ ಹುಡುಗ. ಅಲ್ಲಿ ಯಾರೂ ಸ್ವಂತ ಹೆಸರಿಟ್ಟುಕೊಳ್ಳುವುದಿಲ್ಲ. ಹುಡುಗ ತನಗೆ ಸೂಜಿಮಲ್ಲಿಗೆ ಎಂದು ಹೆಸರಿಟ್ಟುಕೊಂಡಿದ್ದ. ಬೇಕರಿಯವ ಎರಡು ತಿಂಗಳು ಅವನನ್ನು 'ತಂಗಿ, ತಂಗಿ' ಎಂದೇ ಕರೆದ. ನಿಜ ತಿಳಿದ ದಿನ ಮೇಜಿನವರೆಲ್ಲ ಸೇರಿ ಬೇಕರಿಯವನ ಮಾನ ಹರಾಜು ಹಾಕಿದರು.

ಆಡುತ್ತಲೇ ಪಕ್ಕದಲ್ಲಿ ಬರೆದು ಬರೆದು ಹರಟೆ ಹೊಡೆಯಬಹುದು. ಮನೆಯಲ್ಲಿ 'ಹೂಂ' ಎನ್ನುವ ಹುಡುಗ ಅಲ್ಲಿ ಮಹಾ ವಾಚಾಳಿ. ಆದರೆ ಒಂದು ಚಾಳಿ ಇತ್ತು ಅವನಿಗೆ. ಕೈ ಚೆನ್ನಾಗಿದ್ದರೆ ಗಪ್‌ಚಿಪ್. ಕೈ ಖಾಲಿ ಇದ್ದರೆ ಊಟದ ಸುದ್ದಿ. "ಇವತ್ತು ಅಮ್ಮ ಹಿತಕಿದಬೇಳೆ ಸಾರು ಮಾಡಿದ್ದಾರೆ. ಬಿಸಿ ಮುದ್ದೆ ಮುರಿದು ಅದ್ದಿದರೆ, ಅಬ್ಬಬ್ಬಾ!" ಎಂದು ಬರೆಯುತ್ತಾ ಮೆಲ್ಲಗೆ ಬಿಲ್ಲೆ ತಳ್ಳುತ್ತಿದ್ದ. ಎದುರಿನವರ ಬಾಯಲ್ಲಿ ನೀರು ಬಂದರೆ ತಲೆ ಓಡುವುದಿಲ್ಲ ಎಂದು ಅವನ ಲೆಕ್ಕ.

ಮೂರನೇ ವಾರಕ್ಕೇ ಗುಟ್ಟು ರಟ್ಟಾಯಿತು. ಅಮ್ಮನ ಅಡುಗೆ ಬಂತು ಅಂದರೆ ಕೈಯಲ್ಲಿ ಏನೂ ಇಲ್ಲ ಎಂದು ಮೂವರಿಗೂ ಗೊತ್ತಾಯಿತು. ಅವನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಊಟದ ಸುದ್ದಿ ನಿಂತುಹೋಗುತ್ತದಲ್ಲ! ಸುಳ್ಳು ಎಂದು ಗೊತ್ತಿದ್ದೂ ಎಲೆ ಕೆಳಗಿಟ್ಟು ಸೋಲುತ್ತಿದ್ದರು. ಹೀಗೆ ಮೂರು ವರ್ಷ ಸೋತರು.

ಒಂದು ಬೆಳಿಗ್ಗೆ ಹುಡುಗ ಏಳಲಿಲ್ಲ. ಹೃದಯ ನಿಂತುಹೋಗಿತ್ತು.

ಮಣ್ಣಿಗೆ ಬಂದವರೆಲ್ಲ ತಾಯಿಯ ಕಡೆಯವರು. ನೆಂಟರು, ಬಟ್ಟೆ ಹೊಲಿಸುವವರು, ಅಕ್ಕಪಕ್ಕದವರು. ಮಗನ ಕಡೆಯವರು ಅಂತ ಒಬ್ಬರೂ ಬರಲಿಲ್ಲ. ಆ ಹೆಂಗಸಿಗೆ ಅದೇ ಕೊರಗು ಹತ್ತಿತು. ಮಗ ಹೋದದ್ದು ಒಂದು ಸಂಕಟ. ಒಬ್ಬ ಗೆಳೆಯನೂ ಇಲ್ಲದೆ ಬದುಕಿ ಹೋದನಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸಂಕಟ. "ಅಲ್ಲಿ ಹೋಗಬೇಡ, ಇಲ್ಲಿ ಹೋಗಬೇಡ ಅಂತ ನಾನೇ ಕೂಡಿಹಾಕಿದೆ. ನನ್ನ ಮಗನನ್ನು ನಾನೇ ಒಂಟಿ ಮಾಡಿದೆ" ಎಂದು ಹೊಲಿಗೆ ಮೆಷೀನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು.

ಮೂರು ವಾರ ಕಳೆಯಿತು. ಸೋಮವಾರ ಸಂಜೆ ಅವಳು ಆ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಧೂಳು ಒರೆಸಲು ಕೂತಳು. ಒರೆಸುವಾಗ ಯಾವುದೋ ಗುಂಡಿ ಒತ್ತಿಹೋಯಿತು. ಪರದೆ ಹತ್ತಿಕೊಂಡಿತು. ಮಗ ಮುಚ್ಚದೆ ಬಿಟ್ಟಿದ್ದ ಮೇಜು ತೆರೆದುಕೊಂಡಿತು. ಅತ್ತ ಮೂರು ಊರುಗಳಲ್ಲಿ, ಸೂಜಿಮಲ್ಲಿಗೆ ಎಂಬ ಹೆಸರಿನ ಪಕ್ಕ, ಬಂದಿದ್ದಾನೆ ಎಂದು ತೋರಿಸುವ ಹಸಿರು ದೀಪ ಕಾಣಿಸಿತು.

ಮೇಜಿನವರು ಸುಮ್ಮನೆ ಬಿಡುತ್ತಾರೆಯೇ?

"ಬಂದ್ರಪ್ಪ ಸಾಹುಕಾರ್ರು! ಮೂರು ವಾರ ಎಲ್ಲಿ ತಲೆ ಮರೆಸಿಕೊಂಡಿದ್ದೆಯೋ?" ಎಂದು ಕಂಡಕ್ಟರ್ ಬರೆದ.

"ತಂಗಿಗೆ ಮದುವೆ ಗೊತ್ತಾಗಿರಬೇಕು" ಎಂದ ಬೇಕರಿಯವ.

"ರಜಾ ಅರ್ಜಿ ಎಲ್ಲಿ?" ಎಂದರು ಮೇಡಂ.

ತಾಯಿ ಕನ್ನಡಕ ಹಾಕಿಕೊಂಡು ಓದಿದಳು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಬರೆದಳು. "ಅವನು ತೀರಿಕೊಂಡ. ನಾನು ಅವನ ಅಮ್ಮ."

ಕಂಡಕ್ಟರ್ ಡಿಪೋದ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಬೇಕರಿಯವನ ಒಲೆಯಲ್ಲಿ ಒಂದು ತಟ್ಟೆ ಬನ್ನು ಸೀದುಹೋಯಿತು, ಅವನಿಗೆ ವಾಸನೆಯೇ ಗೊತ್ತಾಗಲಿಲ್ಲ. ಸತ್ತ ಹುಡುಗನನ್ನು ಹೀಗೆ ಗೇಲಿ ಮಾಡಿಬಿಟ್ಟೆವಲ್ಲ ಎಂದು ಮೂವರಿಗೂ ನಾಚಿಕೆ, ಸಂಕಟ. ಕೊನೆಗೆ ಮೇಡಂ ಬರೆದರು. "ಕ್ಷಮಿಸಿ ಅಮ್ಮಾ. ನಮಗೆ ಗೊತ್ತಿರಲಿಲ್ಲ."

"ನೀವೆಲ್ಲ ಯಾರು? ನನ್ನ ಮಗ ನಿಮ್ಮ ಜೊತೆ ಮಾತಾಡುತ್ತಿದ್ದನೇ?" ಎಂದು ಅವಳು ಕೇಳಿದಳು.

"ಮಾತಾಡ್ತಿದ್ನಾ ಅಂತೀರಲ್ಲಮ್ಮ!" ಎಂದ ಕಂಡಕ್ಟರ್. "ಬಾಯಿ ಮುಚ್ಚಿದ್ದನ್ನೇ ನಾವು ಕಾಣೆವು. ನಿಮ್ಮ ಬಸ್ಸಾರಿಗೆ ಎಷ್ಟು ಎಸಳು ಬೆಳ್ಳುಳ್ಳಿ ಬೀಳುತ್ತೆ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೂ ಈಗ ನಿಮ್ಮ ಅಳತೆಯೇ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಕೇಳಿದಳು. "ಚೆನ್ನಾಗಿದೆ ಅಂತಿದ್ನಾ?"

"ಅದನ್ನು ಕೇಳೋದಕ್ಕೇ ಅಮ್ಮಾ ನಾವು ಮೂರು ವರ್ಷ ಸೋತಿದ್ದು" ಎಂದು ಮೇಡಂ ಬರೆದರು. ಖಾಲಿ ಕೈಯ ಗುಟ್ಟನ್ನು ಪೂರ್ತಿ ಹೇಳಿದರು.

ಮುಂದಿನ ಸೋಮವಾರ ಹುಡುಗನ ನೆನಪಿಗೆ ಒಂದು ಆಟ ಎಂದು ಗೊತ್ತುಮಾಡಿದರು. ಸುದ್ದಿ ಹಬ್ಬಿತು. ಅಲ್ಲಿ ಆಡುವ ಬೇರೆ ಬೇರೆ ಮೇಜುಗಳಿಂದ ಇನ್ನೂರು ಜನ ಬಂದರು. ಸೂಜಿಮಲ್ಲಿಗೆಯ ಜಾಗದಲ್ಲಿ ನೀವೇ ಕೂರಬೇಕು ಎಂದು ತಾಯಿಯನ್ನು ಒಪ್ಪಿಸಿದರು. "ನನಗೆ ಆಟ ಬರುವುದಿಲ್ಲ" ಎಂದಳು. "ಹಸಿರು ಗುಂಡಿ ಒತ್ತಿದರೆ ಬಿಲ್ಲೆ ಮುಂದಕ್ಕೆ ಹೋಗುತ್ತೆ, ಕೆಂಪು ಒತ್ತಿದರೆ ಎಲೆ ಕೆಳಕ್ಕೆ. ಅಷ್ಟೇ ಅಮ್ಮಾ ವೇದಾಂತ" ಎಂದ ಬೇಕರಿಯವ.

ಆ ಆಟದಲ್ಲಿ ಯೋಚಿಸಲು ಒಬ್ಬೊಬ್ಬರಿಗೂ ಮೂವತ್ತು ಸೆಕೆಂಡು. ಮಾಮೂಲಾಗಿ ಯಾರಾದರೂ ಪೂರ್ತಿ ಮೂವತ್ತು ತೆಗೆದುಕೊಂಡರೆ ಮಿಕ್ಕವರು ಬಾಯಿಗೆ ಬಂದದ್ದು ಬೈಯುತ್ತಾರೆ. ಅವತ್ತು ಮೊದಲ ಆಟದಲ್ಲಿ ಯಾರೂ ಗುಂಡಿ ಒತ್ತಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮೂವತ್ತು ಸೆಕೆಂಡು ಮುಗಿಯಲು ಬಿಟ್ಟರು. ಎಲ್ಲ ಮೇಜುಗಳಲ್ಲೂ ಗಡಿಯಾರವೊಂದೇ ಓಡಿತು. ಅದು ಅವರ ಮೌನಾಚರಣೆ. ತಾಯಿಗೆ ಯಾರೂ ವಿವರಿಸಲಿಲ್ಲ, ಆದರೂ ಅವಳು ಎದ್ದು ನಿಂತು ಕೈ ಮುಗಿದಳು.

ಆಟ ಶುರುವಾಯಿತು. ತಾಯಿ ಹಸಿರು ಗುಂಡಿ ಒತ್ತಿದಳು. ಮೇಜಿನವರೆಲ್ಲ ಎಲೆ ಕೆಳಗಿಟ್ಟರು. ಮತ್ತೆ ಒತ್ತಿದಳು, ಮತ್ತೆ ಇಟ್ಟರು. ಮಗನನ್ನು ಕಳೆದುಕೊಂಡವಳ ಬಿಲ್ಲೆ ಕಿತ್ತುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಹೇಳು? ಆರು ಸಲ ಗೆದ್ದ ಮೇಲೆ, ಪರವಾಗಿಲ್ಲ, ನನಗೂ ಆಟ ಕೈಗೆ ಹತ್ತುತ್ತಿದೆ ಎಂದು ಅವಳಿಗೆ ಸಣ್ಣಗೆ ಜಂಬವೂ ಬಂತು.

ಮೇಡಂಗೆ ತಡೆಯಲಾಗಲಿಲ್ಲ. "ಏನ್ರಯ್ಯಾ ಇದು? ಹೀಗೆ ಧರ್ಮಕ್ಕೆ ಬಿಟ್ಟುಕೊಡೋದು ಆಟವಾ? ಹುಡುಗ ಇದ್ದಿದ್ದರೆ ನಿಮಗೆ ಉಗಿಯುತ್ತಿದ್ದ. ಅಮ್ಮಾ, ಇನ್ನು ಮೇಲೆ ನಾವು ನಿಜವಾಗಿ ಆಡುತ್ತೇವೆ, ಹುಷಾರು" ಎಂದು ಎಲ್ಲರನ್ನೂ ಗದರಿಸಿದರು. ಗದರಿದ್ದು ಒಳ್ಳೆಯದೇ ಆಯಿತು.

ಮುಂದಿನ ಆಟದಲ್ಲಿ ತಾಯಿಗೆ ಎರಡು ಎಕ್ಕ ಬಂದವು. ಎಕ್ಕ ಅಂದರೆ ಒಂದು, ಒಂದು ಅಂದರೆ ಎಲ್ಲಕ್ಕಿಂತ ಚಿಕ್ಕದು ಎಂದುಕೊಂಡಳು ಪಾಪ. ಮೇಜಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಬೀಳುವ ಎಲೆಗಳಲ್ಲಿ ಇನ್ನೂ ಎರಡು ಎಕ್ಕ ಬಿದ್ದವು. ಇದೇನು ದರಿದ್ರ ಎಂದು ಬೇಜಾರಾಯಿತು. ಆದರೂ ಹಸಿರು ಒತ್ತಿದಳು. ಆಗ ಅವಳಿಗೆ ನೆನಪಾಯಿತು. ಈ ಜನ ಮೂರು ವರ್ಷ ನನ್ನ ಅಡುಗೆಯ ಸುದ್ದಿಗೆ ಕಾದವರು, ಬಂದು ಇಷ್ಟು ಹೊತ್ತಾದರೂ ನಾನು ಊಟದ ಮಾತೇ ಆಡಲಿಲ್ಲವಲ್ಲ, ಮರ್ಯಾದೆಯಲ್ಲ. ಕೂಡಲೇ ಬರೆದಳು. "ಇವತ್ತು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದೆ."

"ಸಿಕ್ಕಿಬಿದ್ದರು! ತಾಯಿಗೂ ಅದೇ ಚಾಳಿ!" ಎಂದು ಕಂಡಕ್ಟರ್ ಕೂಗು ಹಾಕಿದ. ತನ್ನ ಬಿಲ್ಲೆಯಷ್ಟನ್ನೂ ತಳ್ಳಿದ. ಅವನ ಕೈಯಲ್ಲಿದ್ದದ್ದು ಒಂದು ಜೋಡಿ ಒಂಬತ್ತು. ಬೇಕರಿಯವನ ಕೈಯಲ್ಲಿ ಅದೂ ಇಲ್ಲ, ಅವನೂ ತಳ್ಳಿದ. ಲೆಕ್ಕದ ಮೇಡಂ, ನಲವತ್ತು ವರ್ಷ ಮಕ್ಕಳಿಗೆ ಯೋಚಿಸಿ ಬರೆಯಿರಿ ಎಂದು ಹೇಳಿದವರು, ಅವರೂ ಯೋಚಿಸದೆ ತಳ್ಳಿದರು.

ಎಲೆಗಳು ತಿರುಗಿದವು. ನಾಲ್ಕು ಎಕ್ಕ! ಆ ಆಟದಲ್ಲಿ ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಮೂವರೂ ಒಂದೇ ಏಟಿಗೆ ಬರಿಗೈಯಾದರು. ಆ ಮೇಜಿನಲ್ಲಿ ಹಾಗೆ ಯಾರೂ ಯಾರನ್ನೂ ಬೋಳಿಸಿರಲಿಲ್ಲ.

"ಅಮ್ಮಾ, ರೊಟ್ಟಿ ಸುಳ್ಳಾ?" ಎಂದ ಕಂಡಕ್ಟರ್.

"ಯಾಕಪ್ಪ ಸುಳ್ಳು ಹೇಳಲಿ? ಇನ್ನೂ ಎರಡು ಉಳಿದಿವೆ" ಎಂದಳು.

ಮೇಜು ನಗುವಿನಲ್ಲಿ ಮುಳುಗಿಹೋಯಿತು. ಯಾಕೆ ನಗುತ್ತಿದ್ದಾರೆ ಎಂದು ಮೇಡಂ ಬಿಡಿಸಿ ಹೇಳಿದ ಮೇಲೆ ತಾಯಿಗೂ ನಗು ಬಂತು. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು, ಅತ್ತಳು. ಅತ್ತು ಮುಗಿಸಿ, ಅದೇ ಒಂದು ಬೆರಳಿನಲ್ಲಿ ಬರೆದಳು. "ನನ್ನ ಮಗ ಒಂಟಿಯಾಗಿರಲಿಲ್ಲ. ನನಗೆ ಇಷ್ಟು ತಿಳಿಯಬೇಕಿತ್ತು. ಅವನ ಹೆಸರು ತೇಜಮೂರ್ತಿ."

ಇನ್ನೂರು ಜನ ಒಬ್ಬೊಬ್ಬರಾಗಿ ಆ ಹೆಸರನ್ನು ಬರೆದರು.

ಕಂಪ್ಯೂಟರನ್ನು ಅವಳು ಯಾರಿಗೂ ಕೊಡಲಿಲ್ಲ. ಸೋಮವಾರ ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕಿಬಿಡುತ್ತಾಳೆ. ಈಗ ಮಹಾ ಕಿಲಾಡಿ ಆಗಿದ್ದಾಳಂತೆ. ಕೈ ತುಂಬಿದ್ದರೂ ಊಟದ ಸುದ್ದಿ, ಖಾಲಿ ಇದ್ದರೂ ಊಟದ ಸುದ್ದಿ. ಯಾವುದು ಯಾವುದೆಂದು ಒಬ್ಬರಿಗೂ ಪತ್ತೆಯಾಗುವುದಿಲ್ಲ.

ಗುರುಗಳು ಕತೆ ಮುಗಿಸಿದರು. ಗುರುಶಾಂತ ನಗುತ್ತಿದ್ದ, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದ.

"ನನ್ನದು ತಪ್ಪಾಯಿತು ಬುದ್ಧಿ. ಬೆಳಿಗ್ಗೆ ಬಂದವನ ಮನೆಗೆ ನಾನೇ ಹೋಗಿ ದಾಸೋಹಕ್ಕೆ ದಿನ ಗೊತ್ತುಮಾಡಿ ಬರುತ್ತೇನೆ. ಆದರೂ ಆ ತಾಯಿಯದು ಆಶ್ಚರ್ಯ ನೋಡಿ! ಇಪ್ಪತ್ಮೂರು ವರ್ಷ ಪಕ್ಕದಲ್ಲೇ ಕೂತು ಉಂಡ ಮಗನ ಮನಸ್ಸು ಗೊತ್ತಾಗಲಿಲ್ಲವಲ್ಲ!"

"ಅದಿರಲಿ, ಹನ್ನೊಂದು ವರ್ಷದಿಂದ ನಿನ್ನ ಪಕ್ಕ ಕೂತು ಉಣ್ಣುವ ಪಂಚಾಕ್ಷರಿ, ಒಂದು ತಿಂಗಳಿಂದ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದಾನಲ್ಲ, ಯಾಕೆ?" ಎಂದರು ಗುರುಗಳು.