ಸುತ್ತಿಕೊಳ್ಳಲೊಲ್ಲದ ತಂತಿ

ಲವೀನಾ ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದಳು. ತಂತಿಗೆ ತನ್ನ ಹೊಳಪಿನ ಮೇಲೆ ಎಲ್ಲಿಲ್ಲದ ಜಂಬ.

"ನನ್ನನ್ನು ಬಿಗಿಯಾಗಿ ಸುತ್ತಿಕೋ, ಇಲ್ಲದಿದ್ದರೆ ಜಾರುತ್ತೀಯೆ," ಎಂದಿತು ಶ್ರುತಿ ಮಾಡುವ ಬಿರಡೆ.

"ಕಿಲುಬು ಹಿಡಿದ ನಿನ್ನ ಕೊರಳಿಗೆ ನಾನು ಜೋತುಬೀಳಬೇಕೇ?" ಎಂದು ತಂತಿ ಸೆಟೆದು, ಅರೆಸುತ್ತಿಗಷ್ಟೇ ಒಪ್ಪಿತು.

ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುವಾಯಿತು. ಮೊದಲ ಮೀಟಿಗೇ ತಂತಿ ಜಾರಿ ಅಪಸ್ವರ ಹೊರಟಿತು. ಮೈಕು ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿತು. ತಂತಿಗೆ ಮೈಯೆಲ್ಲ ಉರಿಯಿತು.

"ಕಿವುಡ! ನನ್ನ ಸ್ವರ ಕೆಡಿಸಿದೆಯಲ್ಲ!"

"ಸ್ವರ ನಿನ್ನದೇ ಮಹಾರಾಯ, ಮುಟ್ಟಿಸಿದ್ದಷ್ಟೇ ನಾನು," ಎಂದಿತು ಮೈಕು.

ಲವೀನಾ ಜಾರಿದ ತಂತಿಯನ್ನು ಕಿತ್ತು ಕಸದ ಬುಟ್ಟಿಗೆಸೆದು ಬೇರೊಂದು ತಂತಿ ಬಿಗಿದಳು. ಆ ತಂತಿ ಮಾತಿಲ್ಲದೆ ಬಿರಡೆಯನ್ನು ಸುತ್ತಿಕೊಂಡಿತು.

"ಥೂ, ಗುಲಾಮ!" ಎಂದು ಬುಟ್ಟಿಯೊಳಗಿನ ತಂತಿ ಕಿರುಚಿತು. ಅಷ್ಟರಲ್ಲಿ ಗಿಟಾರು ನುಡಿಯತೊಡಗಿದ್ದರಿಂದ ಆ ಬೈಗುಳ ಯಾರಿಗೂ ಕೇಳಿಸಲಿಲ್ಲ.