ಪ್ರಾಂಶುಪಾಲರು ಸೊಪ್ಪು ತಿಂದದ್ದು

ಬೀರಮ್ಮನ ಪಿಯುಸಿ ಅಂಕ ನೋಡಿ ಪಶುವೈದ್ಯ ಕಾಲೇಜಿನ ಪ್ರಾಂಶುಪಾಲ ಷಡಕ್ಷರಪ್ಪನವರು ಹುಬ್ಬೇರಿಸಿದರು.

"ಇಷ್ಟು ಕಡಿಮೆ ಅಂಕ ಇಟ್ಕೊಂಡು ಸೀಟು ಕೇಳೋಕೆ ಬಂದೆಯಾ? ಕುರಿಹಟ್ಟಿಯಲ್ಲಿ ಬೆಳೆದವಳು ಅಂತೀಯಲ್ಲ, ಹೊರಗೆ ನನ್ನ ಮೇಕೆ ಕಟ್ಟಿದೆ. ನಿನ್ನೆಯಿಂದ ಯಾರು ಕೊಟ್ಟರೂ ಮೂಸುತ್ತಿಲ್ಲ. ಒಂದು ಎಲೆ ತಿನ್ನಿಸು, ಆಮೇಲೆ ಮಾತು."

ಬೀರಮ್ಮ ಅವರ ಹಿಂದೆ ಹೊರಗೆ ಬಂದು ಮೇಕೆಯ ಹೊಟ್ಟೆ ಮುಟ್ಟಿ ನೋಡಿದಳು. ಕಾಯಿಲೆ ಏನೂ ಇರಲಿಲ್ಲ, ಬರೀ ಮುನಿಸು.

"ಸಾರ್, ಇದು ಕೊಟ್ಟರೆ ತಿನ್ನಲ್ಲ, ಕಿತ್ಕೊಂಡು ತಿನ್ನುತ್ತೆ. ಎದುರಿಗೆ ಯಾರಾದರೂ ತಿನ್ನಬೇಕು."

"ನೀನೇ ತಿನ್ನು."

"ನಾನು ಹೊಸಬಳು, ನಂಬಲ್ಲ. ಮನೆಯವರೇ ಆಗಬೇಕು."

ಷಡಕ್ಷರಪ್ಪನವರು ಸುತ್ತ ನೋಡಿದರು. ಆ ಮೇಕೆಯೆಂದರೆ ಅವರಿಗೆ ಪ್ರಾಣ. ಕೋಟು ಕಳಚಿ, ಮಂಡಿಯೂರಿ, ಮೇಕೆಯ ಮುಂದೆ ಹಾಕಿದ್ದ ಹಲಸಿನ ಕೊಂಬೆಯಿಂದ ಒಂದು ಎಲೆ ಕಿತ್ತು ಬಾಯಿಗಿಟ್ಟು ಚಪ್ಪರಿಸಿದರು. ಮೇಕೆ ಕಿವಿ ನಿಮಿರಿಸಿತು. ಎದ್ದು ಬಂತು. ಅವರ ಬಾಯಿಂದಲೇ ಎಲೆ ಕಸಿದು ತಿಂದಿತು, ಆಮೇಲೆ ಇಡೀ ಕೊಂಬೆಯನ್ನೇ ಬೋಳು ಮಾಡಿತು.

ಅವರ ಕಣ್ಣು ಒದ್ದೆಯಾಯಿತು. "ನಿನ್ನ ಉಪಕಾರ ಮರೆಯಲ್ಲ ಕಣಮ್ಮ. ಆದರೆ ನಾನು ಸೊಪ್ಪು ತಿಂದದ್ದು ಮಾತ್ರ ಯಾರಿಗೂ ಹೇಳಬೇಡ."

ಬೀರಮ್ಮ ಕೈಮುಗಿದಳು. "ಸೀಟು ಕೊಟ್ಟ ಗುರುಗಳ ಮಾತು ಮೀರ್ತೀನಾ ಸಾರ್?"

ಷಡಕ್ಷರಪ್ಪನವರು ಮೀಸೆಗೆ ಅಂಟಿದ್ದ ಎಲೆಚೂರು ಒರೆಸಿಕೊಂಡು, ನಗುತ್ತಲೇ ಪೆನ್ನು ತೆಗೆದರು.