ಗಿಣ್ಣುಹಾಲಿನ ಕೊಡ

"ಗುರುಗಳೇ, ಮಠಕ್ಕೆ ಬಂದವರ ಸೇವೆಯನ್ನು ಜೊತೆಯ ಶಿಷ್ಯ ಚೆನ್ನವೀರನಿಗಿಂತ ನಾನೇ ಹೆಚ್ಚು ಮಾಡುತ್ತೇನೆ. ಆದರೂ ಅವನನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಕೆಲಸದಲ್ಲಿ ಪೈಪೋಟಿ ಮಾಡಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನಲ್ಲಿ ಗಿಣ್ಣುಹಾಲನ್ನು, ಅಂದರೆ ಈದ ಹಸುವಿನ ಮೊದಲ ಹಾಲನ್ನು, ನೆರೆಮನೆಗೆ ಕೊಡುವ ವಾಡಿಕೆ. ಒಮ್ಮೆ ನೆರೆಯವನು ಒಂದು ಚೊಂಬು ಕಳಿಸಿದ. ಗಿಣ್ಣು ತಿಂದವರೆಲ್ಲ ಆ ಹಸುವನ್ನು ಹೊಗಳಿದರು. ರೈತನ ಹೆಂಡತಿಯೂ ಹೊಗಳಿದಳು. ರೈತ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತಾನು ಒಂದು ಕೊಡವನ್ನೇ ಕೊಡಬೇಕು ಎಂದುಕೊಂಡ.

ಅವನ ಹಸುವಿಗೆ ಅದು ನಾಲ್ಕನೆಯ ಗಬ್ಬ. ಹಾಲು ಬತ್ತಿಸಿದ ಎರಡು ತಿಂಗಳೂ ಅದಕ್ಕೆ ಮಿತಿಮೀರಿ ಹಿಂಡಿ ತಿನ್ನಿಸಿದ. ಗಬ್ಬದ ಹಸು ಕೊಬ್ಬಿದರೆ ಈದ ಮೇಲೆ ಸೋಲುತ್ತದೆ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ತಿನ್ನಿಸಿದ. ನೆರೆಯವನ ಕೊಟ್ಟಿಗೆಯದು ಮಣ್ಣಿನ ನೆಲವೆಂದು ತನ್ನ ಕೊಟ್ಟಿಗೆಗೆ ನುಣುಪು ಕಲ್ಲು ಹಾಸಿಸಿದ. ನುಣುಪು ಕಲ್ಲಿನ ಮೇಲೆ ಗೊರಸು ನಿಲ್ಲುವುದಿಲ್ಲ ಎಂಬುದನ್ನು ಯೋಚಿಸಲಿಲ್ಲ.

ಹಸು ಈದಿತು. ರೈತ ಕೆಚ್ಚಲಲ್ಲಿ ಒಂದು ತೊಟ್ಟೂ ಉಳಿಸದೆ ಕರೆದು, ಕೊಡ ತುಂಬಿಸಿ, ತಾನೇ ಹೊತ್ತು ಕೊಟ್ಟು ಬಂದ. ಮರುದಿನ ಬೆಳಿಗ್ಗೆ ಹಸು ಕತ್ತನ್ನು ಹೊಟ್ಟೆಯ ಕಡೆ ತಿರುಗಿಸಿ ಮಲಗಿತ್ತು. ಕಿವಿ ತಣ್ಣಗಿತ್ತು. ಎಬ್ಬಿಸಿದರೆ ಕಾಲು ಜಾರುತ್ತಿತ್ತು.

ದನದ ವೈದ್ಯರು ಬಂದು ಕತ್ತಿನ ನರಕ್ಕೆ ಔಷಧಿ ಏರಿಸಿದರು. "ಮೊದಲ ದಿನವೇ ಪೂರ್ತಿ ಕರೆದರೆ ಮೈಯ ಸುಣ್ಣದ ಸತ್ವ ಹಾಲಿನ ಜೊತೆ ಹೋಗಿಬಿಡುತ್ತದೆ. ಔಷಧಿ ಹಿಡಿದರೂ ಈ ಕಲ್ಲಿನ ಮೇಲೆ ಏಳಲಾರದು. ಇವತ್ತು ಏಳದಿದ್ದರೆ ಆಸೆ ಬಿಡಿ" ಎಂದು ಹೇಳಿ ಹೋದರು.

ಅಷ್ಟರಲ್ಲಿ ನೆರೆಯವನು ಖಾಲಿ ಕೊಡ ಹಿಂತಿರುಗಿಸಲು ಬಂದ. ಹಸುವನ್ನು ನೋಡಿ, "ಅಲ್ಲಪ್ಪಾ, ನಮ್ಮ ಮನೆಯಲ್ಲಿ ಇರುವುದು ಮೂರು ಜನ. ಒಂದು ಕೊಡ ಗಿಣ್ಣನ್ನು ಯಾರು ತಿನ್ನಬೇಕಿತ್ತು?" ಎಂದ.

"ನೀನು ಚೊಂಬು ಕೊಟ್ಟಿದ್ದೆಯಲ್ಲ" ಎಂದ ರೈತ.

ನೆರೆಯವನು ಅದೇ ಕೊಡದಲ್ಲಿ ಹಳ್ಳದಿಂದ ಮರಳು ಹೊತ್ತು ತಂದು ಹಸುವಿನ ಅಡಿಗೂ ಸುತ್ತಲೂ ಸುರಿದ. ಕಾಲು ಜೋಮು ಹಿಡಿಯಬಾರದೆಂದು ಆಗಾಗ ಅದರ ಮಗ್ಗುಲು ಬದಲಿಸಿದ. ಹತ್ತು ಕೊಡ ಮರಳು ಬಿತ್ತು. ರೈತ ಒಂದೊಂದನ್ನೂ ಎಣಿಸುತ್ತ ನಿಂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಸು ಎದ್ದಿತೇ?" ಎಂದು ಶಿಷ್ಯ ಕೇಳಿದ.

"ಸಂಜೆಗೆ ಎದ್ದಿತು, ಆದರೆ ಅದನ್ನು ನೋಡಲು ರೈತ ಅಲ್ಲಿರಲಿಲ್ಲ, ನೆರೆಯವನ ಅಂಗಳಕ್ಕೆ ಇಪ್ಪತ್ತು ಕೊಡ ಮರಳು ಹೊರಲು ಹಳ್ಳಕ್ಕೆ ಹೋಗಿದ್ದ."